ಬಂಡೆಗೆ ಹೊಡೆದ ಬೋಲ್ಟ್‌ಗೆ ಯಾರು ಹೊಣೆ?

2025ರ ಜನವರಿ 4ರಂದು ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಹೆಸರು ‘ಎಕ್ಸ್‌ಪ್ಲೋರ್’ ಕಾಯ್ದೆ. ಟ್ರಂಪ್ ಅಧಿಕಾರ ವಹಿಸಿಕೊಳ್ಳುವ ಗಡಿಬಿಡಿಯಲ್ಲಿ ನಮ್ಮ ಪತ್ರಿಕೆ, ಟಿವಿಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಸಿಗಬೇಕೆಂದೂ ಇರಲಿಲ್ಲ ಅನ್ನಿ. ಆ ಕಾಯ್ದೆಯ ಒಂದು ಭಾಗ ಬೆರಳಿನಷ್ಟು ಉದ್ದದ ಉಕ್ಕಿನ ಬೋಲ್ಟ್‌ಗೆ ಸಂಬಂಧಿಸಿದ್ದು. ಬಂಡೆ ಹತ್ತುವವರು, ಕಿರಿದಾದ ಕಲ್ಲಿನ ಕಂದರಗಳಿಗೆ ಹಗ್ಗ ಕಟ್ಟಿಕೊಂಡು ಇಳಿಯುವವರು ಹಗ್ಗದ ಆಸರೆಗಾಗಿ ಬಂಡೆಯಲ್ಲಿ ರಂಧ್ರ ಕೊರೆದು ಶಾಶ್ವತವಾಗಿ ಕೂರಿಸುವ ಬೋಲ್ಟ್ ಅದು. ಆ ಬೋಲ್ಟ್ ಇರಬೇಕೋ ಬೇಡವೋ ಎಂಬುದಕ್ಕೆ ಅಲ್ಲಿ ದೇಶದ ಸಂಸತ್ತೇ ಉತ್ತರ ಹೇಳಬೇಕಾಯಿತು.

ಜಗಳ ಶುರುವಾದದ್ದು 2023ರ ನವೆಂಬರ್‌ನಲ್ಲಿ. ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ಅರಣ್ಯ ಸೇವೆ ಒಂದು ಕರಡು ಹೊರಡಿಸಿದವು. 1964ರ ಅಮೆರಿಕದ ವನ್ಯಪ್ರದೇಶ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಯಾವುದೇ ‘ಸ್ಥಾಪನೆ’ ಮಾಡುವಂತಿಲ್ಲ. ಬಂಡೆಯ ಬೋಲ್ಟ್ ಕೂಡ ಸ್ಥಾಪನೆಯೇ, ಆದ್ದರಿಂದ ಒಂದೊಂದಕ್ಕೂ ಪ್ರತ್ಯೇಕ ಪರಿಶೀಲನೆ ಬೇಕು ಎಂಬುದು ಕರಡಿನ ವಾದ. ಆರೋಹಿಗಳು ಸಿಡಿದೆದ್ದರು. ಹಳೆಯ, ತುಕ್ಕು ಹಿಡಿದ ಬೋಲ್ಟ್ ಬದಲಿಸಲೂ ಕಡತ ತಿರುಗಬೇಕೆಂದರೆ, ಕಡತ ಬರುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ ಎಂಬುದು ಅವರ ಆಕ್ಷೇಪ. ಕೊನೆಗೆ ಹೊಸ ಕಾಯ್ದೆ ಅವರ ಪರವಾಗಿ ನಿಂತಿತು. ವನ್ಯಪ್ರದೇಶದಲ್ಲಿ ಸ್ಥಿರ ಆಸರೆ ಹಾಕುವುದು, ಬಳಸುವುದು, ದುರಸ್ತಿ ಮಾಡುವುದು ಒಪ್ಪತಕ್ಕದ್ದೇ, ಅದಕ್ಕೆ ಸ್ಪಷ್ಟ ಮಾರ್ಗಸೂಚಿ ರೂಪಿಸಿ ಎಂದು ಇಲಾಖೆಗಳಿಗೇ ಹೇಳಿತು.

ಯೂಟಾದ ಮರುಭೂಮಿಗೂ ಹುಬ್ಬಳ್ಳಿಗೂ ಏನು ಸಂಬಂಧ ಎಂದು ಕೇಳಬಹುದು. ಹುಬ್ಬಳ್ಳಿಯಲ್ಲಿ ಸೊಲ್ಲಾಪುರದ ಕಡೆಗಿನ ರೈಲು ಹತ್ತಿ, ಗದಗ ದಾಟಿ, ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಹೋದರೆ ಬಾದಾಮಿ. ನಮಗೆ ಅದು ಶಾಲಾ ಪ್ರವಾಸದ ಊರು: ಗುಹಾಲಯ, ಅಗಸ್ತ್ಯ ತೀರ್ಥ, ಮಂಗಗಳು, ಬುತ್ತಿ. ಬಂಡೆ ಹತ್ತುವವರಿಗೆ ಅದು ದೇಶದ ಅತ್ಯುತ್ತಮ ಮರಳುಗಲ್ಲಿನ ತಾಣಗಳಲ್ಲೊಂದು. ಕಳೆದ ಕೆಲವು ದಶಕಗಳಲ್ಲಿ ದೇಶ ವಿದೇಶಗಳ ಆರೋಹಿಗಳು ಅಲ್ಲಿನ ಕೆಂಪು ಗೋಡೆಗಳಿಗೆ ನೂರಾರು ಬೋಲ್ಟ್ ಕೂರಿಸಿದ್ದಾರೆ. ಅಲ್ಲಿನ ‘ಗಣೇಶ’ ಎಂಬ ದಾರಿಯ ದರ್ಜೆ 8ಬಿ+, ದೇಶದ ಅತಿ ಕಠಿಣ ಆರೋಹಣ ದಾರಿಗಳ ಮಾತು ಬಂದಾಗ ಅದರ ಹೆಸರು ಬಂದೇ ಬರುತ್ತದೆ. ಉತ್ತರ ಕೋಟೆಗೆ ಹತ್ತುವಾಗ ಎರಡು ಗೋಡೆಗಳ ನಡುವೆ ಮೈ ಹಿಂಡಿಕೊಂಡು ಹೋದಂತಾಗುವ ಇಕ್ಕಟ್ಟು ದಾರಿ ಇದೆಯಲ್ಲ, ಶಿವಾಲಯಗಳ ಕಡೆಗೆ ಹೋಗುವುದು? ಅಮೆರಿಕದವರು ‘ಸ್ಲಾಟ್ ಕ್ಯಾನ್ಯನ್’ ಎಂದು ಟಿಕೆಟ್ ಕೊಟ್ಟು ತೋರಿಸುವ ಜಾಗಗಳ ಚಿಕ್ಕ ತಮ್ಮ ಅದು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವೇ ಇದೆ, ಕಿಂಡಿ. ಚಿತ್ರದುರ್ಗದ ಓಬವ್ವನ ಕಿಂಡಿಯ ಕಥೆ ಗೊತ್ತಿಲ್ಲದವರು ಯಾರಿದ್ದಾರೆ? ಒಬ್ಬೊಬ್ಬರೇ ನುಸುಳಬೇಕಾದ ದಾರಿ, ಹಿಂದಿರುಗಲು ಜಾಗವಿಲ್ಲ, ಮುಂದೇನಿದೆ ಕಾಣುವುದಿಲ್ಲ. ಹೈದರನ ಸೈನಿಕರು ದಾರಿಯ ಆಯ್ಕೆಯಲ್ಲೇ ಸೋತಿದ್ದರು, ಒನಕೆ ಆಮೇಲೆ ಬಂತು.

ಬಾದಾಮಿಯಲ್ಲಿ ಬೋಲ್ಟ್ ಹೊಡೆಯಬಹುದೇ? ಈ ಪ್ರಶ್ನೆಗೆ ಅಮೆರಿಕದಷ್ಟೇ ಗೊಂದಲದ ಉತ್ತರ ನಮ್ಮಲ್ಲೂ ಇದೆ. ಅಲ್ಲಿನ ಮೂರನೇ ಗುಹೆಯಲ್ಲಿ ಶಕವರ್ಷ 500ರ, ಎಂದರೆ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಗುಹೆಗಳು, ಕೋಟೆ, ಭೂತನಾಥ ಎಲ್ಲವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅದರ ವೃತ್ತ ಕಚೇರಿ ಬೇರೆಲ್ಲೂ ಅಲ್ಲ, ನಮ್ಮ ಧಾರವಾಡದಲ್ಲೇ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎನ್ನುತ್ತದೆ. ಅಲ್ಲಿ ನಿರ್ಮಾಣಕ್ಕೆ, ಗಣಿಗಾರಿಕೆಗೆ ಕಟ್ಟುನಿಟ್ಟು. ಸ್ಮಾರಕಕ್ಕೇ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ 12 ಮಿಲಿಮೀಟರ್ ಅಗಲದ ರಂಧ್ರ ‘ನಿರ್ಮಾಣ’ವೇ? ಮನೆ ಕಟ್ಟುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾಯ್ದೆ ಇದು, ಬಂಡೆ ಹತ್ತುವವನು ಅದರ ಕಣ್ಣಿಗೆ ಬಿದ್ದೇ ಇಲ್ಲ. ‘ಸ್ಥಾಪನೆ’ ಎಂಬ ಒಂದು ಪದದ ಅರ್ಥಕ್ಕೆ ಅಮೆರಿಕದಲ್ಲಿ ವರ್ಷಗಟ್ಟಲೆ ಗುದ್ದಾಟ ನಡೆದಂತೆ, ಇಲ್ಲಿ ‘ನಿರ್ಮಾಣ’ ಎಂಬ ಪದದ ಅರ್ಥಕ್ಕೂ ನಡೆಯಬಹುದು. ಇಲಾಖೆಯ ಚಿಂತೆ ಸುಳ್ಳಲ್ಲ. 1400 ವರ್ಷದ ಶಿಲ್ಪವಿರುವ ಬಂಡೆಯ ಇನ್ನೊಂದು ಮಗ್ಗುಲಲ್ಲಿ ಯಾರೋ ಡ್ರಿಲ್ ಹಿಡಿದು ನಿಂತರೆ ಯಾವ ಅಧಿಕಾರಿಗೆ ನಿದ್ದೆ ಬರುತ್ತದೆ? ಸ್ಮಾರಕದ ಹತ್ತಿರ ಬೋಲ್ಟ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ಈಗಾಗಲೇ ಕೂತಿರುವ ಬೋಲ್ಟ್‌ಗಳ ಬಗ್ಗೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅಪಾಯ. ಅದು ಏಕೆಂದು ತಿಳಿಯಲು ಸ್ವಲ್ಪ ಎಂಜಿನಿಯರಿಂಗ್ ಬೇಕು. ಎರಡನೇ ಸೆಮಿಸ್ಟರ್‌ನಷ್ಟು ಸಾಕು, ಹೆದರಬೇಡಿ.

ಒಳ್ಳೆಯ ಬೋಲ್ಟ್ ಪಕ್ಕಕ್ಕೆ ಎಳೆದಾಗ ತಡೆಯಬೇಕಾದ ಕನಿಷ್ಠ ಬಲ 25 ಕಿಲೋನ್ಯೂಟನ್ ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಸರಿಸುಮಾರು ಎರಡೂವರೆ ಟನ್. ಹಗ್ಗದಲ್ಲಿ ಇಳಿಯುವ 80 ಕಿಲೋ ಮನುಷ್ಯ ಸುಮ್ಮನೆ ನೇತಾಡಿದರೆ 0.8 ಕಿಲೋನ್ಯೂಟನ್, ಕುಣಿಯುತ್ತಾ ಜರ್ಕ್ ಹೊಡೆದರೂ ಅದರ ಎರಡು ಮೂರು ಪಟ್ಟು. ಲೆಕ್ಕ ನೋಡಿದರೆ ಆನೆಯನ್ನೇ ಕಟ್ಟಬಹುದು ಎನಿಸುತ್ತದೆ. ಹಾಗಿದ್ದರೂ ಬೋಲ್ಟ್ ಏಕೆ ಕಿತ್ತು ಬರುತ್ತದೆ? ಮಾನದಂಡದ ಆ ಸಂಖ್ಯೆ ಹೊಸ ಬೋಲ್ಟ್‌ಗೆ, ಗಟ್ಟಿ ಕಾಂಕ್ರೀಟ್‌ನಲ್ಲಿ, ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಬಂಡೆ ಪ್ರಯೋಗಾಲಯವಲ್ಲ. ನಮ್ಮ ಹಿರಿಯರು ಬಿಡದ ಹಿಡಿತಕ್ಕೆ ‘ಉಡದ ಪಟ್ಟು’ ಎನ್ನುತ್ತಿದ್ದರು, ಕೋಟೆ ಹತ್ತಲು ಉಡಕ್ಕೆ ಹಗ್ಗ ಕಟ್ಟಿ ಬಿಡುತ್ತಿದ್ದರೆಂಬ ಕಥೆಗಳೂ ಇವೆ. ಉಡ ಎಷ್ಟೇ ಬಿಗಿಯಾಗಿ ಹಿಡಿದರೂ ಅದು ಹಿಡಿದ ಕಲ್ಲೇ ಕಳಚಿಕೊಂಡರೆ?

ಬೋಲ್ಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ರಂಧ್ರದೊಳಗೆ ಹೋಗಿ ನಟ್ ಬಿಗಿದಾಗ ಹಿಗ್ಗಿ ಕಲ್ಲನ್ನು ಹೊರಕ್ಕೆ ಒತ್ತಿ ಹಿಡಿಯುವಂಥದ್ದು. ಗ್ರಾನೈಟ್‌ನಂಥ ಗಟ್ಟಿ ಕಲ್ಲಿಗೆ ಇದು ಸರಿ. ಇನ್ನೊಂದು, ರಂಧ್ರಕ್ಕೆ ರಾಳದ ಅಂಟು ತುಂಬಿ ಕೂರಿಸುವಂಥದ್ದು. ಇದರಲ್ಲಿ ಭಾರ ರಂಧ್ರದ ಇಡೀ ಉದ್ದಕ್ಕೂ ಹಂಚಿಕೆಯಾಗುತ್ತದೆ, ಕಲ್ಲಿನ ಮೇಲೆ ಸದಾಕಾಲದ ಒತ್ತಡ ಇರುವುದಿಲ್ಲ. ಮೆದು ಮರಳುಗಲ್ಲಿಗೆ ಎರಡನೆಯದೇ ಸೂಕ್ತ ಎಂಬುದು ಅನುಭವಿಗಳ ಮಾತು. ಆದರೆ ರಂಧ್ರದ ಧೂಳನ್ನು ಬ್ರಷ್ ಹಾಕಿ ಊದಿ ಸ್ವಚ್ಛ ಮಾಡದೆ ಅಂಟು ತುಂಬಿದರೆ ಬೋಲ್ಟ್ ಅಂಟಿಕೊಳ್ಳುವುದು ಧೂಳಿಗೆ, ಕಲ್ಲಿಗಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ಇನ್ನು ಸ್ಟೇನ್‌ಲೆಸ್ ಉಕ್ಕಿನ ಕೊಂಡಿಗೆ ಅಗ್ಗದ ಸತು ಲೇಪಿತ ಬೋಲ್ಟ್ ಜೋಡಿಸಿದರೆ ಏನಾಗುತ್ತದೆ ಎಂದು ಮೊದಲ ವರ್ಷದ ಕೆಮಿಸ್ಟ್ರಿ ಓದಿದವರಿಗೆ ಗೊತ್ತು. ಎರಡು ಬೇರೆ ಲೋಹ, ನಡುವೆ ಮಳೆಯ ತೇವ: ಪುಟ್ಟದೊಂದು ಬ್ಯಾಟರಿ ತಯಾರು, ಅಗ್ಗದ ಲೋಹ ಕರಗತೊಡಗುತ್ತದೆ. ಥಾಯ್ಲೆಂಡ್‌ನ ಕಡಲ ಬಂಡೆಗಳಲ್ಲಿ ಸ್ಟೇನ್‌ಲೆಸ್ ಬೋಲ್ಟ್‌ಗಳೇ ಉಪ್ಪುಗಾಳಿಗೆ ಬಿರುಕುಬಿಟ್ಟು, ಈಗ ಟೈಟಾನಿಯಂ ಬೋಲ್ಟ್ ಹಾಕುತ್ತಿದ್ದಾರೆ. ಬಾದಾಮಿಗೆ ಕಡಲಿಲ್ಲ, ಆದರೆ ಮಳೆಗಾಲವಿದೆ. ಬೋಲ್ಟ್‌ನ ಮೇಲೆ ಹಾಲಿನ ಪ್ಯಾಕೆಟ್ಟಿನಂತೆ ‘ಇಂಥ ದಿನಾಂಕದೊಳಗೆ ಬಳಸಿ’ ಎಂದೂ ಬರೆದಿರುವುದಿಲ್ಲ.

ಎರಡು ಬೋಲ್ಟ್ ಇದ್ದರೆ ಭದ್ರತೆ ಎರಡರಷ್ಟಾಯಿತು ಎಂದುಕೊಳ್ಳುವುದು ಇನ್ನೊಂದು ಭ್ರಮೆ. ಎರಡು ಬೋಲ್ಟ್‌ಗಳಿಂದ ಇಳಿದ ಪಟ್ಟಿಗಳು ಕೆಳಗೆ ಒಂದೆಡೆ ಸೇರುವ ಕೋನ ಮುಖ್ಯ. ಕೋನ 60 ಡಿಗ್ರಿ ಇದ್ದರೆ ಒಂದೊಂದು ಬೋಲ್ಟ್ ಮೇಲೂ ಭಾರದ ಶೇ 58, 90 ಡಿಗ್ರಿಗೆ ಶೇ 71. ಕೋನ 120 ಆಯಿತೋ, ಪ್ರತಿ ಬೋಲ್ಟ್ ಮೇಲೂ ಪೂರ್ತಿ ಶೇ 100. ಅಂದರೆ ಎರಡು ಬೋಲ್ಟ್ ಹಾಕಿ ಒಂದು ಬೋಲ್ಟ್‌ನ ಲಾಭವೂ ದಕ್ಕಲಿಲ್ಲ. 150 ಡಿಗ್ರಿಗೆ ಹಿಗ್ಗಿಸಿದರೆ ಒಂದೊಂದರ ಮೇಲೂ ಶೇ 193, ಎರಡು ಜನ ನೇತಾಡಿದಂತೆ. ಇದು ಲಾಮಿಯ ಪ್ರಮೇಯ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರುತ್ತದೆ. ಕಳೆದ ವರ್ಷ ಗೆಳೆಯರ ಜೊತೆ ಒಂದು ವಾರಾಂತ್ಯದ ‘ಸಾಹಸ ಶಿಬಿರ’ಕ್ಕೆ ಹೋಗಿದ್ದೆ, ಎಲ್ಲಿ ಎಂದು ಹೇಳುವುದಿಲ್ಲ. ಅಲ್ಲಿ ಹಗ್ಗದ ಪಟ್ಟಿಯನ್ನು ಬಟ್ಟೆ ಒಣಹಾಕುವ ತಂತಿಯಂತೆ ಎರಡು ಕಲ್ಲುಗಳ ನಡುವೆ ಅಡ್ಡಡ್ಡ ಬಿಗಿದು, ನಟ್ಟನಡುವೆ ನಮ್ಮನ್ನು ಇಳಿಬಿಡುತ್ತಿದ್ದರು. ಕೋನದ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರ: ‘ಏನೂ ಆಗೂದಿಲ್ಲ ಬಿಡ್ರೀ, ದಿನಾ ಐವತ್ ಮಂದಿ ಇಳೀತಾರ.’ ಭದ್ರತೆಯ ಪ್ರಮಾಣಪತ್ರ ಅಷ್ಟೇ. ಇಳಿಯದೇ ಕೆಳಗೆ ನಡೆದು ಬಂದ ನಮ್ಮ ಗುಂಪಿನ ಮೂವರಿಗೆ ಊರಿಗೆ ಬರುವವರೆಗೂ ‘ಪುಕ್ಕಲರು’ ಎಂದೇ ಹೆಸರು.

ಮರಳುಗಲ್ಲಿನ ಇನ್ನೊಂದು ಗುಣವನ್ನು ಹೇಳಲೇಬೇಕು. ಒದ್ದೆಯಾದರೆ ಅದರ ಬಲ ಕುಸಿಯುತ್ತದೆ. ಕಣಗಳನ್ನು ಹಿಡಿದಿರುವ ಬೆಸುಗೆ ನೀರಿಗೆ ಸಡಿಲಗೊಳ್ಳುತ್ತದೆ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಅದಕ್ಕೇ ಯೂಟಾದ ಕಡೆ ಮಳೆ ಬಂದ ಮೇಲೆ ಒಂದರಿಂದ ಮೂರು ದಿನ ಬಂಡೆ ಮುಟ್ಟದಿರುವ ರೂಢಿಯಿದೆ. ಅಲ್ಲಿನ ನವಾಜೊ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದಿನ ಮರಳ ದಿಬ್ಬಗಳು ಗಟ್ಟಿಯಾದದ್ದು. ನಮ್ಮ ಬಾದಾಮಿಯದು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಹೆಚ್ಚು ಗಟ್ಟಿಯದು. ಹಾಗೆಂದು ನೀರಿನ ನಿಯಮ ನಮಗೆ ರಿಯಾಯಿತಿ ಕೊಡುವುದಿಲ್ಲ. ಹತ್ತುವವರೇನೋ ಚಳಿಗಾಲ ನೋಡಿ ಬರುತ್ತಾರೆ. ಪ್ರವಾಸಿಗರು ಮಾತ್ರ ಮಳೆಗಾಲದಲ್ಲೂ ಬರುತ್ತಾರೆ, ಭೂತನಾಥದ ಹತ್ತಿರ ಅಕ್ಕ-ತಂಗಿ ಜಲಪಾತ ಧುಮ್ಮಿಕ್ಕುವುದನ್ನು ನೋಡಲು.

ಬೋಲ್ಟ್ ಬೇಡವೆಂದರೆ ಏನು ದಾರಿ? ಯೂಟಾದ ಕಂದರಗಳಲ್ಲಿ ಇಳಿಯುವವರು ಸಾಧ್ಯವಾದಷ್ಟೂ ಪ್ರಕೃತಿದತ್ತ ಆಸರೆಯನ್ನೇ ನಂಬುತ್ತಾರೆ. ಬೇರೂರಿದ ಮರ, ಗೋಡೆಗಳ ನಡುವೆ ಸಿಕ್ಕಿಕೊಂಡ ಬಂಡೆ, ಕಲ್ಲುರಾಶಿ, ಕೆಲವೊಮ್ಮೆ ಮರಳಲ್ಲಿ ಹೂತಿಟ್ಟ ಚೀಲ. ಕೊನೆಯವನು ಇಳಿದು ಹಗ್ಗ ಎಳೆದುಕೊಂಡ ಮೇಲೆ ಅಲ್ಲಿ ಯಾರೂ ಬಂದಿರಲಿಲ್ಲವೇನೋ ಎಂಬಂತಿರಬೇಕು ಎಂಬುದು ಅವರ ಆಸೆ. ಕೇಳಲು ಚೆಂದ. ಆದರೆ ಪ್ರಕೃತಿದತ್ತ ಆಸರೆಯನ್ನು ಗುರುತಿಸಲು ಬೋಲ್ಟ್‌ಗೆ ಹಗ್ಗ ಸಿಕ್ಕಿಸುವುದಕ್ಕಿಂತ ಹತ್ತು ಪಟ್ಟು ಹೆಚ್ಚು ಅನುಭವ ಬೇಕು. 2003ರ ಏಪ್ರಿಲ್ 26ರಂದು ಯೂಟಾದ ಬ್ಲೂ ಜಾನ್ ಕಂದರದಲ್ಲಿ ಆರನ್ ರಾಲ್ಸ್‌ಟನ್ ಎಂಬಾತ ಹಾಗೆ ಸಿಕ್ಕಿಕೊಂಡಿದ್ದ ಬಂಡೆಯೊಂದನ್ನು ದಾಟುವಾಗ ಅದು ಉರುಳಿ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನದ ನಂತರ ಆತ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ರೆಹಮಾನ್ ಸಂಗೀತವಿದ್ದ ‘127 ಅವರ್ಸ್’ ಸಿನಿಮಾದ ಕಥೆ ಇದೇ. ಸಿನಿಮಾ ನೋಡಿದವರಿಗೆ ನೆನಪಿರುವುದು ಚಾಕು. ಆದರೆ ಆತ ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ, ಅಷ್ಟು ದಿನ ಯಾರೂ ಹುಡುಕಿ ಬರದಿರಲು ಕಾರಣ ಅದೇ.

ಚಿತ್ರದುರ್ಗದ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುವುದನ್ನು ನೋಡಿ ಚಪ್ಪಾಳೆ ತಟ್ಟಿದವರು ನಾವೆಲ್ಲ. ಅವರ ಬೆರಳಿನ ಬಲ, ಸಾವಿರಾರು ಗಂಟೆಗಳ ಅಭ್ಯಾಸ ರೀಲ್ಸ್‌ನಲ್ಲಿ ಕಾಣುವುದಿಲ್ಲ, ಮೂವತ್ತು ಸೆಕೆಂಡಿನ ರೋಮಾಂಚನ ಮಾತ್ರ ಕಾಣುತ್ತದೆ. ಕಂಡದ್ದನ್ನಷ್ಟೇ ಅನುಕರಿಸುವವರು ಹೆಚ್ಚಾಗುತ್ತಿದ್ದಾರೆ.

ಇನ್ನು ದಾರಿಯ ಮಾತು. ಕಂದರದಲ್ಲಿ ಮೊದಲ ಇಳಿತ ಮುಗಿಸಿ ಹಗ್ಗ ಕೆಳಗೆಳೆದುಕೊಂಡ ಕ್ಷಣ ಹಿಂದಿರುಗುವ ದಾರಿ ಮುಚ್ಚಿತು. ಮುಂದೆ ಸಾಗಿ ಹೊರಬೀಳುವುದೊಂದೇ ಉಳಿದದ್ದು. ಆದ್ದರಿಂದ ಯಾವ ಕಡೆಯಿಂದ ತಲುಪುವುದು, ಎಷ್ಟು ಹೊತ್ತಿಗೆ, ಎಲ್ಲಿ ಹೊರಬರುವುದು, ನಡುವೆ ತಪ್ಪಿಸಿಕೊಳ್ಳುವ ಜಾಗ ಇದೆಯೇ ಎಂಬುದೆಲ್ಲ ಹಗ್ಗ ಬಿಚ್ಚುವ ಮೊದಲೇ ತೀರ್ಮಾನ ಆಗಿರಬೇಕು. ಜೊತೆಗೆ ಆಕಾಶ. ನಮ್ಮ ತಲೆಯ ಮೇಲಿನ ಆಕಾಶವಲ್ಲ, ನೀರು ಹರಿದು ಬರುವ ಮೇಲ್ಭಾಗದ ಆಕಾಶ. 1997ರ ಆಗಸ್ಟ್ 12ರಂದು ಅರಿಜೋನಾದ ಆ್ಯಂಟಿಲೋಪ್ ಕಂದರದಲ್ಲಿ 11 ಪ್ರವಾಸಿಗರು ಸತ್ತಾಗ ಅಲ್ಲಿ ಮಳೆ ಬಿದ್ದಿದ್ದೇ ಅತ್ಯಲ್ಪ, ಮೈಲಿಗಟ್ಟಲೆ ದೂರದ ಮಳೆಯ ನೀರು ಗೋಡೆಯಂತೆ ನುಗ್ಗಿ ಬಂತು. ಆಗ ಅಲ್ಲಿ ಇದ್ದ ಮರದ ಏಣಿಗಳು ಕೊಚ್ಚಿಹೋದವು. ಈಗ ಬಂಡೆಗೆ ಬೋಲ್ಟ್ ಹಾಕಿ ಬಿಗಿದ ಲೋಹದ ಮೆಟ್ಟಿಲುಗಳಿವೆ. 2015ರ ಸೆಪ್ಟೆಂಬರ್ 14ರಂದು ಜಯಾನ್ ಉದ್ಯಾನದ ಕೀಹೋಲ್ ಎಂಬ ಕಿಂಡಿಯಲ್ಲಿ ಏಳು ಜನ ಪ್ರವಾಹಕ್ಕೆ ಸಿಕ್ಕಿ ಸತ್ತರು. ಅವರು ಕದ್ದು ಹೋದವರಲ್ಲ, ಪರವಾನಗಿ ಪಡೆದೇ ಇಳಿದಿದ್ದರು. ಪರವಾನಗಿ ಕೊಟ್ಟ ಕಾಗದಕ್ಕೆ ಮೋಡ ಕಾಣುವುದಿಲ್ಲ.

ನಮ್ಮ ಕಡೆಯ ‘ದಾರಿ’ಯ ಸಮಸ್ಯೆ ಬೇರೆ ರೂಪದ್ದು. 2023ರ ಜುಲೈನಲ್ಲಿ ದೂಧಸಾಗರ ನೋಡಲು ಹೋದ ನೂರಾರು ಯುವಕರು ರೈಲ್ವೆ ಹಳಿಯ ಮೇಲೇ ನಡೆದರು. ಅವರಲ್ಲಿ ಕರ್ನಾಟಕದವರೇ ಬಹಳ. ಪೊಲೀಸರು ಹಳಿಯ ಪಕ್ಕ ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಓಡಾಡಿತು. ನಮ್ಮ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆ, ಜಲಪಾತದ ಚೆಲುವನ್ನು ಬೋಗಿಯೊಳಗಿಂದಲೇ ಸವಿಯಿರಿ ಎಂದು ಮನವಿ ಮಾಡಿತು, ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ ಎಂದು ನೆನಪಿಸಿತು. ಬಸ್ಕಿ ನೋಡಿ ನಕ್ಕವರು ಘಟ್ಟವನ್ನು ನೋಡಿಲ್ಲ. 1:37ರ ಇಳಿಜಾರು, ಸುರಂಗದ ಮೇಲೆ ಸುರಂಗ, ಮಳೆಯ ಸದ್ದಿಗೆ ರೈಲಿನ ಸದ್ದು ಕೇಳಿಸದು, ಪಕ್ಕಕ್ಕೆ ಸರಿಯಲು ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಸುರಂಗವೂ ಒಂದು ಕಿಂಡಿಯೇ, ಪ್ರವಾಹದ ಬದಲು ಸರಕು ರೈಲು ಬರುತ್ತದೆ ಅಷ್ಟೇ. ಆದರೆ ಬಸ್ಕಿ ಹೊಡೆಸಿದರೆ ಮುಂದಿನ ಭಾನುವಾರ ಬರುವವನಿಗೆ ಪಾಠವಾಗುತ್ತದೆಯೇ? ಅವನಿಗೆ ಬೇಕಾದದ್ದು ಹೋಗಬಹುದಾದ ಒಂದು ಕಾನೂನುಬದ್ಧ ದಾರಿ ಮತ್ತು ಅದು ಯಾವಾಗ ತೆರೆದಿರುತ್ತದೆ ಎಂಬ ಮಾಹಿತಿ. ಅದು ಸಿಗದಿದ್ದಾಗ ಯೂಟ್ಯೂಬ್‌ನಲ್ಲಿ ಯಾರೋ ತೋರಿಸಿದ ಹಳಿಯೇ ಹೆದ್ದಾರಿ.

ಇದಕ್ಕೆ ಉತ್ತರದ ಒಂದು ತುಣುಕು ಕುಮಾರ ಪರ್ವತದಲ್ಲಿ ಸಿಕ್ಕಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಚಾರಣಿಗರ ಚಿತ್ರ ಎಲ್ಲರ ಮೊಬೈಲ್‌ಗೂ ಬಂತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬರುವವರೆಗೆ ಇಂಥ ಚಾರಣಕ್ಕೆ ತಡೆಯೊಡ್ಡಿದರು. ಅದೇ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ಚಾರಣಪಥಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಬಂತು. ಒಳ್ಳೆಯ ಹೆಜ್ಜೆ, ಸಂದೇಹವಿಲ್ಲ. ಆದರೆ ಜಯಾನ್‌ನ ‘ಸಬ್‌ವೇ’ ಎಂಬ ಕಂದರಕ್ಕೆ ದಿನಕ್ಕೆ 80 ಜನರಿಗಷ್ಟೇ ಪರವಾನಗಿ, ಇತರ ಕೆಲವು ಕಿರಿದಾದ ಕಂದರಗಳಿಗೆ ಇನ್ನೂ ಕಡಿಮೆ. ಜಾಗದ ಗುಣ ನೋಡಿ ಸಂಖ್ಯೆ ನಿರ್ಧಾರವಾಗುತ್ತದೆ. ಬೆಟ್ಟದ ಬಯಲಿಗೂ ಇಕ್ಕಟ್ಟಿನ ಕಣಿವೆಗೂ ಒಂದೇ 300 ಎಂದರೆ ಅದು ಸರ್ಕಾರಿ ಸುತ್ತೋಲೆಗೆ ಅನುಕೂಲ, ಕಣಿವೆಗಲ್ಲ.

ರಾಮನಗರದ ಉದಾಹರಣೆ ಬೇರೆ. ‘ಶೋಲೆ’ಯ ಬಂಡೆಗಳೆಂದು ಲೋಕಕ್ಕೆ ಗೊತ್ತಿರುವ ರಾಮದೇವರ ಬೆಟ್ಟ ಬೆಂಗಳೂರಿನ ಆರೋಹಿಗಳ ತವರಾಗಿತ್ತು. 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು. ಹದ್ದು ಗೂಡು ಕಟ್ಟುವ ಗೋಡೆಯಲ್ಲಿ ಮನುಷ್ಯ ನೇತಾಡಬಾರದು, ಇದರಲ್ಲಿ ಚರ್ಚೆಯೇ ಇಲ್ಲ. ಬಾದಾಮಿಯಲ್ಲಿ ಹದ್ದಿನ ಜಾಗದಲ್ಲಿ ಹೆಜ್ಜೇನಿದೆ. ಅದು ಕಾಯ್ದೆ ಕಾಯುವುದಿಲ್ಲ, ತಾನೇ ಜಾರಿ ಮಾಡುತ್ತದೆ.

ಹಾಗಾದರೆ ಬಾದಾಮಿಯ ಬೋಲ್ಟ್‌ಗೆ ಹೊಣೆ ಯಾರು? ಹಾಕಿದವರು ಸ್ವಂತ ದುಡ್ಡು, ಸ್ವಂತ ಶ್ರಮ ಹಾಕಿ, ಪ್ರೀತಿಯಿಂದ ಹಾಕಿ ಹೋದವರು, ಅವರನ್ನು ಕಟಕಟೆಗೆ ತರುವುದು ನ್ಯಾಯವಲ್ಲ. ಬಳಸುವವರು ಇಂದು ಬಂದು ನಾಳೆ ಹೋಗುವವರು. ಪುರಾತತ್ವ ಇಲಾಖೆಯ ಕೆಲಸ ಸ್ಮಾರಕ ಕಾಯುವುದು, ಅರಣ್ಯ ಇಲಾಖೆಯದು ಕಾಡು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ತರಬೇತಿ ಕೊಡುತ್ತದೆ. ನಾಲ್ಕು ಮನೆಯ ನೆಂಟ ಉಪವಾಸ ಎಂಬಂತೆ, ಬೋಲ್ಟ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ನನಗೆ ತೋಚುವ ಪರಿಹಾರ ತೀರಾ ಸರಳ: ಮೊದಲು ಒಂದು ದಾಖಲೆ. ಯಾವ ಗೋಡೆ, ಎಷ್ಟು ಬೋಲ್ಟ್, ಯಾವ ಬಗೆಯ ಉಕ್ಕು, ಯಾವಾಗ ಹಾಕಿದ್ದು, ಕೊನೆಯ ಬಾರಿ ಯಾವಾಗ ಎಳೆದು ಪರೀಕ್ಷಿಸಿದ್ದು. ಸ್ಮಾರಕದ ನಿಷೇಧಿತ ವ್ಯಾಪ್ತಿಯೊಳಗಿದ್ದರೆ ಪುರಾತತ್ವ ಇಲಾಖೆಯ ಮೇಲ್ವಿಚಾರಣೆಯಲ್ಲಿ ತೆಗೆದು ರಂಧ್ರ ಮುಚ್ಚುವುದು, ಹೊರಗಿದ್ದರೆ ಉಳಿಸಿಕೊಂಡು ಕಾಲಕಾಲಕ್ಕೆ ಬದಲಿಸುವುದು. ಎಳೆದು ಪರೀಕ್ಷಿಸುವ ಯಂತ್ರ ಎಷ್ಟೋ ಸಿವಿಲ್ ವಿಭಾಗಗಳ ಪ್ರಯೋಗಾಲಯದಲ್ಲಿ ಇರುತ್ತದೆ. ಬಾಗಲಕೋಟೆ, ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಪ್ರತಿ ವರ್ಷ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಸಿಗದೆ ಹಳೆಯ ವರದಿಗಳ ಹೆಸರು ಬದಲಿಸುವವರೂ ಇದ್ದಾರೆ. ಕಲಾದಗಿ ಮರಳುಗಲ್ಲು ಒಣಗಿದ್ದಾಗ, ನೆನೆದಾಗ ಅಂಟಿನ ಬೋಲ್ಟ್ ಎಷ್ಟು ಭಾರ ತಡೆಯುತ್ತದೆ? ಕ್ವಾರಿಯಿಂದ ತಂದ ಕಲ್ಲಿನ ಮೇಲೆ ಮಾಡಿ ನೋಡಬಹುದಾದ ಪ್ರಯೋಗ ಇದು, ಬಾದಾಮಿಯ ಬಂಡೆ ಮುಟ್ಟಬೇಕಾಗಿಯೂ ಇಲ್ಲ.

ಸರ್ಕಾರ ಲೆಕ್ಕ ಇಡಲು ಶುರುಮಾಡಿದರೆ ಮೊದಲು ಮಾಡುವುದೇ ನಿಷೇಧ ಎಂಬ ಹೆದರಿಕೆ ಆರೋಹಿಗಳಲ್ಲಿ ಇದೆ, ಅದಕ್ಕೆ ಕಾರಣವೂ ಇದೆ. ಒಂದು ಅಪಘಾತ ಆದ ಮರುದಿನ ಜಿಲ್ಲಾಡಳಿತ ‘ಪ್ರವೇಶ ನಿಷೇಧಿಸಿದೆ’ ಎಂಬ ಫಲಕ ಹಾಕಿ ಕೈತೊಳೆದುಕೊಳ್ಳುವುದನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ. ಆದರೆ ಲೆಕ್ಕವಿಲ್ಲದ ಬೋಲ್ಟ್ ಒಂದು ಕಿತ್ತುಬಂದ ದಿನ ಬರುವ ನಿಷೇಧ ಇನ್ನೂ ಕಠಿಣವಾಗಿರುತ್ತದೆ. ಆಗ ಮಾತನಾಡಲು ಆರೋಹಿಗಳ ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಅಮೆರಿಕದಲ್ಲಿ ಅವರು ಗೆದ್ದದ್ದು ಸಂಘಟಿತರಾಗಿದ್ದರಿಂದ, ದಾಖಲೆ ಇಟ್ಟುಕೊಂಡಿದ್ದರಿಂದ.

ಈ ಪುಟ ಓದುವವರಲ್ಲಿ ಕೆಲಸ ಹುಡುಕುತ್ತಿರುವವರು ಬಹಳ, ಆದ್ದರಿಂದ ಇದನ್ನೂ ಹೇಳುತ್ತೇನೆ. ಹಗ್ಗ, ಆಸರೆ, ಕೋನ ಎಂಬ ಈ ವಿದ್ಯೆ ಬರೀ ಹವ್ಯಾಸವಲ್ಲ. ಗದಗಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಆ ರೆಕ್ಕೆಗಳ ದುರಸ್ತಿಗೆ, ಎತ್ತರದ ಕಟ್ಟಡಗಳ ಗಾಜಿಗೆ, ಅಣೆಕಟ್ಟು, ಚಿಮಣಿ, ತೈಲ ವೇದಿಕೆಗಳ ತಪಾಸಣೆಗೆ ಹಗ್ಗದಲ್ಲಿ ಇಳಿದು ಕೆಲಸ ಮಾಡುವ ತಂತ್ರಜ್ಞರು ಬೇಕು. ಇದಕ್ಕೆ ‘ಇರಾಟಾ’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ನಡೆಯುತ್ತದೆ. 18 ವರ್ಷ ತುಂಬಿರಬೇಕು. ಮೊದಲ ಹಂತಕ್ಕೆ ಕನಿಷ್ಠ ನಾಲ್ಕು ದಿನ ತರಬೇತಿ, ಐದನೇ ದಿನ ಬೇರೆ ಪರೀಕ್ಷಕರಿಂದ ಪರೀಕ್ಷೆ. ಎರಡನೇ ಹಂತಕ್ಕೆ ಹೋಗಲು ಒಂದು ವರ್ಷ ಮತ್ತು 1000 ಗಂಟೆಗಳ ಕೆಲಸದ ದಾಖಲೆ ಬೇಕು, ಮೂರನೆಯದಕ್ಕೆ ಮತ್ತೆ ಅಷ್ಟೇ. ಪ್ರಮಾಣಪತ್ರ ಮೂರು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಪರೀಕ್ಷೆ ಬರೆಯಬೇಕು. ಪ್ರತಿ ಗಂಟೆಯನ್ನೂ ಪುಸ್ತಕದಲ್ಲಿ ಬರೆದು ಮೇಲ್ವಿಚಾರಕರ ಸಹಿ ಪಡೆಯಬೇಕು. ಅವರ ನಿಯಮವನ್ನು ನೋಡಿ: ಸದಾ ಎರಡು ಹಗ್ಗ, ಎರಡು ಬೇರೆ ಬೇರೆ ಆಸರೆ, ಒಂದು ಕೈಕೊಟ್ಟರೆ ಇನ್ನೊಂದು. ಬೆಟ್ಟದ ಕಡೆ ಒಲವಿದ್ದವರಿಗೆ 1954ರಲ್ಲಿ ಶುರುವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗಳಿವೆ. ಸುಮಾರು ನಾಲ್ಕು ವಾರಗಳ ಮೂಲ ಕೋರ್ಸ್, ಅಲ್ಲಿಂದ ಮುಂದೆ ಬೋಧಕರಾಗುವವರೆಗೆ ಮೆಟ್ಟಿಲುಗಳಿವೆ.

ಬಾದಾಮಿಯ ಹುಡುಗರಿಗೇ ಈ ಮೆಟ್ಟಿಲು ಸಿಗಬೇಕು. ಹೊರಗಿನವರು ಬಂದು ಹತ್ತಿ ಇಳಿದು ಹೋಗುವಾಗ ಕೆಳಗೆ ನಿಂತು ನೋಡುವ, ಚೀಲ ಹೊರುವ ಹುಡುಗರಿಗೆ ಯಾವ ಗೋಡೆಗೆ ಯಾವಾಗ ನೀರು ಬರುತ್ತದೆ, ಹೆಜ್ಜೇನು ಯಾವ ತಿಂಗಳು ಎಲ್ಲಿ ಕಟ್ಟುತ್ತದೆ ಎಂದು ಚೆನ್ನಾಗಿ ಗೊತ್ತು. ಅವರಲ್ಲಿ ಹತ್ತು ಜನರಿಗೆ ಬೋಲ್ಟ್ ಪರೀಕ್ಷಿಸುವ ತರಬೇತಿ ಕೊಟ್ಟು, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಗೋಡೆಗಳನ್ನೆಲ್ಲ ನೋಡಿ ಬರಲು ದಿನಗೂಲಿ ಕೊಟ್ಟರೆ ತಗಲುವ ಖರ್ಚು ಒಂದು ಉತ್ಸವದ ಶಾಮಿಯಾನಕ್ಕಿಂತ ಕಡಿಮೆ. ಧಾರವಾಡದ ಪುರಾತತ್ವ ಕಚೇರಿ, ಬಾಗಲಕೋಟೆ ಜಿಲ್ಲಾಡಳಿತ ಮತ್ತು ಸಾಹಸ ಅಕಾಡೆಮಿ ಒಂದು ಮೇಜಿನ ಸುತ್ತ ಕೂತರೆ ಮುಂದಿನ ಹತ್ತುವ ಋತುವಿನೊಳಗೆ ಆಗಬಹುದಾದ ಕೆಲಸ ಇದು. ಆ ಮೇಜಿನ ಮೇಲೆ ಮೊದಲು ಇಡಬೇಕಾದ ಕಾಗದ ಬೋಲ್ಟ್‌ಗಳ ಪಟ್ಟಿ. ಅದನ್ನು ಯಾರೂ ಇನ್ನೂ ಕೇಳಿಲ್ಲವಾದರೆ, ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ.